ಕುತ್ತಿಗೆಯ ಕಪ್ಪು ಕೊಳೆಯಲ್ಲ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 9 ವರ್ಷ. ಎತ್ತರ 134 ಸೆಂ.ಮೀ., ತೂಕ 38 ಕೆ.ಜಿ. ‘ತಿನ್ನೋ ವಯಸ್ಸು, ತೂಕ ಹಾಕಿ ದೃಷ್ಟಿ ಮಾಡಬೇಡ’ ಅನ್ನುತ್ತಾರೆ ನಮ್ಮತ್ತೆ. ಶಾಲೆಯಲ್ಲಿ ಹುಡುಗರು ಡುಮ್ಮ ಅಂತ ರೇಗಿಸುತ್ತಾರಂತೆ. ಕುತ್ತಿಗೆ ಹಿಂದೆ ಕಪ್ಪಾಗಿದೆ, ಕಡಲೆಹಿಟ್ಟು ಹಚ್ಚಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಥೈರಾಯ್ಡ್ ಇರಬಹುದಾ? ರಾತ್ರಿ ಊಟ ಬಿಡಿಸಲಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಆ ಉಜ್ಜುವುದನ್ನು ನಿಲ್ಲಿಸಿ, ಪಾಪ ಹುಡುಗ! ಅದು ಕೊಳೆಯಲ್ಲ. ಮೈಯಲ್ಲಿ ಕೊಬ್ಬು ಜಾಸ್ತಿಯಾದಾಗ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗ ಮೈ ಇನ್ನಷ್ಟು ಇನ್ಸುಲಿನ್ ತಯಾರಿಸುತ್ತದೆ, ಅದರ ಗುರುತು ಕುತ್ತಿಗೆ, ಕಂಕುಳಲ್ಲಿ ಹೀಗೆ ದಪ್ಪಗೆ, ಕಪ್ಪಗೆ ಕಾಣಿಸಿಕೊಳ್ಳುತ್ತದೆ. ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನುವುದರ ಸೂಚನೆ ಇದು. ಮಕ್ಕಳ ಡಾಕ್ಟರ ಹತ್ತಿರ ಹೋಗಿ ಸಕ್ಕರೆ, ಕೊಲೆಸ್ಟ್ರಾಲ್, ಲಿವರ್, ಬಿ.ಪಿ. ನೋಡಿಸಿಬಿಡಿ.

ನೀವು ಕೊಟ್ಟ ಲೆಕ್ಕದ ಪ್ರಕಾರ ಮಗನ ಬಿ.ಎಂ.ಐ., ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ, 21 ದಾಟಿದೆ. ದೊಡ್ಡವರಿಗೆ ಇದು ಒಳ್ಳೆಯ ಅಂಕಿಯೇ, ಆದರೆ ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಪಟ್ಟಿ ಇದೆ, ಅದರಲ್ಲಿ 9ರ ಹುಡುಗನಿಗೆ ಇದು ಬೊಜ್ಜು. ಥೈರಾಯ್ಡ್ ಅಂತ ಎಲ್ಲರೂ ಕೇಳುತ್ತಾರೆ. ಆ ತೊಂದರೆ ಇರುವ ಮಕ್ಕಳು ಸಾಮಾನ್ಯವಾಗಿ ಕುಳ್ಳಗೂ ಉಳಿಯುತ್ತಾರೆ, ನಿಮ್ಮವನ ಎತ್ತರ ಸರಿಯಾಗಿಯೇ ಇದೆ.

ಊಟ ಮಾತ್ರ ಬಿಡಿಸಬೇಡಿ. ಬೆಳೆಯುವ ಮಗು, ತೂಕ ಇಳಿಯಲೇಬೇಕು ಅಂತಿಲ್ಲ. 38ರಲ್ಲೇ ನಿಂತು ವರ್ಷದಲ್ಲಿ 5-6 ಸೆಂ.ಮೀ. ಎತ್ತರ ಬೆಳೆದರೆ ಬಿ.ಎಂ.ಐ. ತಾನೇ 20ಕ್ಕಿಂತ ಕೆಳಗಿಳಿಯುತ್ತದೆ.

ತೂಕ ಎಲ್ಲಿಂದ ಬರುತ್ತಿದೆ ಅಂತ ಒಂದು ವಾರ ಸುಮ್ನೆ ಗಮನಿಸಿ. ಶಾಲೆಗೆ ವ್ಯಾನು, ಬಂದ ಮೇಲೆ ಟ್ಯೂಷನ್ನು, ಆಮೇಲೆ ಮೊಬೈಲ್ ನೋಡುತ್ತಾ ಊಟ, ಮಲಗುವಾಗ ರಾತ್ರಿ 11, ಹೀಗೇ ಅಲ್ವಾ? ನಿದ್ದೆ 9 ಗಂಟೆಯಾದರೂ ಬೇಕು, ಕಡಿಮೆಯಾದರೆ ಹಸಿವೂ ಜಾಸ್ತಿ. 200 ಮಿ.ಲೀ. ಸಿಹಿ ಪಾನೀಯದಲ್ಲಿ ಸುಮಾರು 5 ಟೀ ಚಮಚ ಸಕ್ಕರೆ ಇರುತ್ತದೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಇಂಥದ್ದನ್ನೆಲ್ಲ ಮಾರಬಾರದು ಅಂತ 2020ರಲ್ಲೇ ನಿಯಮ ಬಂದಿದೆ, ಗಾಡಿ 51ನೇ ಮೀಟರಿನಲ್ಲಿ ನಿಂತರೆ ಯಾರೇನು ಮಾಡಲಾಗುತ್ತದೆ! ನಿಮ್ಮೂರಿನವರಿಗೆ ಬೆಣ್ಣೆ ದೋಸೆ ಬಿಡಿ ಅನ್ನುವ ಧೈರ್ಯ ನನಗಿಲ್ಲ, ಅಪರೂಪಕ್ಕೆ ತಿನ್ನಲಿ. ಆದರೆ ಅವನೊಬ್ಬನಿಗೆ ಪಥ್ಯ ಮಾಡಿಸಿ ಉಳಿದವರು ಎದುರಿಗೇ ಚಿಪ್ಸ್ ತಿನ್ನುವುದು ಬೇಡ, ಮನೆಯಲ್ಲಿ ಯಾರೂ ಅವನನ್ನು ಡುಮ್ಮ ಅನ್ನುವುದೂ ಬೇಡ.

ದಿನಕ್ಕೆ 1 ಗಂಟೆ ಬೆವರು ಬರುವಂತೆ ಆಡಲಿ. ಅದಕ್ಕೆ ನಿಮ್ಮತ್ತೆಯವರನ್ನೇ ಒಪ್ಪಿಸಿ, ಸಂಜೆ ಮೊಮ್ಮಗನನ್ನು ಪಾರ್ಕಿಗೆ ಕರೆದುಕೊಂಡು ಹೋಗಲಿ. ದೃಷ್ಟಿ ಆಮೇಲೆ ತೆಗೆಯಬಹುದು.