ಕೈತೋಟ ಕಟ್ಟೆ: ಕಾಡು ಸುತ್ತಿ ಬಂದವರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಬಡಾವಣೆಯ ಕೈತೋಟ ಬಳಗದವರು ಮಳೆಗಾಲದಲ್ಲಿ ಆಗುಂಬೆಗೆ ಹೋಗಿದ್ದೆವು. ಘಾಟಿ ರಸ್ತೆಯ ಬದಿಯಿಂದ ನಾಲ್ಕಾರು ಜರಿಗಿಡ ಕಿತ್ತು ತಂದು ಬೆಂಗಳೂರಿನ ಬಾಲ್ಕನಿಯಲ್ಲಿ ನೆಟ್ಟೆವು. ಎರಡು ಹೊತ್ತು ನೀರು ಹಾಕಿದರೂ ಮೂರೇ ವಾರಕ್ಕೆ ಒಣಗಿದವು. ಏನು ತಪ್ಪಾಯಿತು?

ಉತ್ತರ: ಕಿತ್ತದ್ದೇ ಮೊದಲ ತಪ್ಪು. ಆ ಘಾಟಿಯ ಆಸುಪಾಸು ಸೋಮೇಶ್ವರ ಅಭಯಾರಣ್ಯ. ಅಲ್ಲಿಂದ ಅನುಮತಿಯಿಲ್ಲದೆ ಗಿಡ ತರುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಇನ್ನು ಒಣಗಿದ್ದಕ್ಕೆ ಕಾರಣ: ನೀವು ನೀರು ಕೊಟ್ಟಿದ್ದು ಬೇರಿಗೆ, ಗಿಡ ಸೊರಗಿದ್ದು ಒಣಗಾಳಿಗೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ, ಬೆಂಗಳೂರಲ್ಲಿ 1,000ದ ಆಜುಬಾಜು. ಕಾಡಿನಿಂದ ಗಿಡ ಬೇಡ, ಅದು ಬೆಳೆಯುವ ರೀತಿಯನ್ನು ನೋಡಿ ಬನ್ನಿ: ಮೇಲೆ ನೆರಳು, ಬುಡದಲ್ಲಿ ದರಗು (ಉದುರಿದ ಒಣ ಎಲೆ), ಪಕ್ಕದಲ್ಲಿ ಇನ್ನೊಂದು ಗಿಡ.

ನರ್ಸರಿಯ ಜರಿಗಿಡ ತನ್ನಿ. ಎರಡು ಪಾಲು ಕೊಳೆತ ಎಲೆಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ದಪ್ಪ ಮರಳು ಬೆರೆಸಿ. ಕೋಕೋಪೀಟನ್ನು ರಾತ್ರಿ ನೆನೆಸಿಟ್ಟು ಎರಡು ಸಲ ತೊಳೆಯದಿದ್ದರೆ ಅದರ ಉಪ್ಪೇ ಎಲೆಯ ಅಂಚು ಸುಡುತ್ತದೆ. ಮೇಲೆ ಎರಡು ಇಂಚು ತರಗೆಲೆ ಹರಡಿ. ಕುಂಡಗಳನ್ನು ದೂರ ದೂರ ಇಡದೆ ಒತ್ತೊತ್ತಾಗಿ ಜೋಡಿಸಿದರೆ ನಡುವೆ ತೇವ ನಿಲ್ಲುತ್ತದೆ. ಬಿಸಿಲು ಹೆಚ್ಚಿದ್ದರೆ ಶೇ. 75ರ ನೆರಳು ಬಲೆ ಕಟ್ಟಿ. ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿದರೆ ಅದು ಬೋರ್‌ವೆಲ್ ನೀರಿನ ಸುಣ್ಣ, ಮಳೆನೀರು ಹಿಡಿದಿಟ್ಟು ಹಾಕಿ.

ಎಲೆಯಡಿ ಸಾಲಾಗಿ ಕಂದು ಚುಕ್ಕೆ ಕಂಡೊಡನೆ ಬೇವಿನೆಣ್ಣೆ ಸಿಂಪಡಿಸುವವರಿದ್ದಾರೆ. ಪಾಪ, ಅದು ಗಿಡದ ಬೀಜಕಣದ ಗುಂಪು! ಎಲೆಗೆ ಅಂಟಿ ರಸ ಹೀರುವ ಶಲ್ಕ ಕೀಟವಾದರೆ ಚುಕ್ಕೆ ಅಲ್ಲೊಂದು ಇಲ್ಲೊಂದು ಇರುತ್ತದೆ, ಉಗುರಿನಿಂದ ಕೆರೆದರೆ ಚಿಪ್ಪಿನಂತೆ ಎದ್ದು ಬರುತ್ತದೆ.

ಪ್ರಶ್ನೆ: ಮಲೆನಾಡಲ್ಲಿ ಮರದ ಮೇಲೆ ನೋಡಿದ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡವನ್ನು ನಮ್ಮ ಮಾವಿನ ಮರಕ್ಕೆ ಹಬ್ಬಿಸಬಹುದೇ? ಅದು ಮರದ ಸಾರ ಹೀರುವುದಿಲ್ಲವೇ?

ಉತ್ತರ: ಸಾರ ಹೀರುವುದು ಬಂದಳಿಕೆ. ಸೀತಾಳೆಗೆ ಮರ ಬರೀ ಆಸರೆ. ನರ್ಸರಿಯಲ್ಲಿ ಬೆಳೆಸಿದ ಗಿಡ ತಂದು ಜೂನ್ ಮೊದಲ ಮಳೆಗೆ ಕಟ್ಟಿ. ಒರಟು ತೊಗಟೆಯ ಮಾವು, ಹಲಸು ಸರಿ. ಸಿಪ್ಪೆ ಸುಲಿಯುವ ಸೀಬೆ, ನೀಲಗಿರಿ ಬೇಡ, ತೊಗಟೆಯ ಜೊತೆ ಗಿಡವೂ ಕಳಚಿ ಬೀಳುತ್ತದೆ. ಬೆಳಗಿನ ಬಿಸಿಲು ಬೀಳುವ ಪೂರ್ವದ ಮಗ್ಗುಲಿಗೆ, ಹಳೇ ಹತ್ತಿ ಸೀರೆಯ ಪಟ್ಟಿಯಿಂದ ಬುಡ ಅಲುಗದಂತೆ ಕಟ್ಟಿ, ಸುಳಿಯ ಮೇಲೆ ಪಟ್ಟಿ ಹಾಯಬಾರದು. ಮಣ್ಣು ಮೆತ್ತಬೇಡಿ, ಬೇರು ಕೊಳೆಯುತ್ತದೆ. ನೀರು ಯಾವಾಗ ಬೇಕೆಂದು ಬೇರಿನ ಬಣ್ಣವೇ ಹೇಳುತ್ತದೆ: ಒಣಗಿದಾಗ ಬೆಳ್ಳಿ ಬಣ್ಣ, ನೆಂದರೆ ಹಸಿರು. ಬೇರಿನ ತುದಿ ಹಸಿರಾಗಿ ಮುಂದೆ ಸಾಗುತ್ತಿದ್ದರೆ ಗಿಡ ಹತ್ತಿದಂತೆ. ಬೇರು ತೊಗಟೆ ಕಚ್ಚುವವರೆಗೆ ಪಟ್ಟಿ ಬಿಚ್ಚಬೇಡಿ.

ಪ್ರಶ್ನೆ: ದೂರ ಹೋಗಲಾಗದ ಹಿರಿಯ ಸದಸ್ಯರಿಗೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಸಾಕೇ?

ಉತ್ತರ: ಪ್ರದರ್ಶನದ ಹೂಗಳು ಆ ದಿನಕ್ಕೆಂದೇ ಕುಂಡದಲ್ಲಿ ಸಜ್ಜಾದವು, ಚೆಂದಕ್ಕೆ ನೋಡಿ. ತಾರಸಿ ತೋಟಕ್ಕೆ ಪಾಠ ಬೇಕಿದ್ದರೆ ಬೇರೆ ದಿನ ಬೆಳಿಗ್ಗೆ ಹೋಗಿ ಅಲ್ಲಿನ ಬಂಡೆಯ ಬಿರುಕಲ್ಲಿ ಬೆಳೆದ ಗಿಡ ನೋಡಿ. ಸುಮಾರು 300 ಕೋಟಿ ವರ್ಷದ ಆ ಬಂಡೆಯೂ ನಿಮ್ಮ ತಾರಸಿಯೂ ಒಂದೇ: ತೆಳು ಮಣ್ಣು, ಕಾದ ನೆಲ. ಆಳವಿಲ್ಲದ ಟ್ರೇಗೆ ಲೋಳೆಸರ, ದೊಡ್ಡಪತ್ರೆ ಹಾಕಿ, ಅಡಿಗೆ ಇಟ್ಟಿಗೆ ಕೊಡಿ. ಇಲ್ಲದಿದ್ದರೆ ಕಾದ ಸಿಮೆಂಟು ಬೇರು ಬೇಯಿಸುತ್ತದೆ.