ಕಾನೂನು ಕೇಳಿ: ದೂರು, ನೋಟಿಸ್, ಜಾಮೀನು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ವಿದ್ಯಾರ್ಥಿಗಳದ್ದು, ಅವರ ಮನೆಯವರದ್ದು. ಸಹಾಯಕ ಸರ್ಕಾರಿ ಅಭಿಯೋಜಕಿಯಾಗಿ, ಅಂದರೆ ಸರ್ಕಾರದ ಪರ ವಕೀಲೆಯಾಗಿ, ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟುಗಳಲ್ಲಿ ವರ್ಷಗಟ್ಟಲೆ ಕೇಸು ನಡೆಸಿದವಳು ನಾನು. ಇಂಥ ಪ್ರಶ್ನೆಗಳಿಗೆ ಉತ್ತರ ಬರೆಯೋದೆಂದರೆ ನನಗೆ ಖುಷಿ.

ಪ್ರಶ್ನೆ: ಮೇಡಂ, ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ ಹತ್ತುವಾಗ ನೂಕುನುಗ್ಗಲಿನಲ್ಲಿ ಯಾರೋ ನನ್ನ ಜೇಬಿನಿಂದ ಮೊಬೈಲ್ ಎತ್ತಿದರು. ಠಾಣೆಗೆ ಹೋದರೆ 'ಕಳೆದುಹೋಗಿದೆ ಅಂತ ಬರೆದುಕೊಡು, ಸಾಕು' ಅಂದರು. ಹಾಗೇ ಬರೆದುಕೊಡಲಾ?
– ಬಿ.ಕಾಂ. ವಿದ್ಯಾರ್ಥಿ, ಹಾವೇರಿ ಜಿಲ್ಲೆ

ಉತ್ತರ: ಬೇಡ. ನಡೆದದ್ದನ್ನೇ ಬರೆಯಿರಿ. ಕಳವು ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್, ಹಳೆಯ ಭಾರತೀಯ ದಂಡ ಸಂಹಿತೆ ಅಂದರೆ ಐಪಿಸಿಯ ಜಾಗಕ್ಕೆ ಬಂದ ಕಾನೂನು) 303ನೇ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಜೈಲು ಇದೆ. ಕಳೆದುಹೋಗುವುದು ಅಪರಾಧವೇ ಅಲ್ಲ, ಹಾಗಾಗಿ ಎಫ್‌ಐಆರೂ ಇಲ್ಲ, ತನಿಖೆಯೂ ಇಲ್ಲ. ನಾಳೆ ಆ ಫೋನ್ ಒಬ್ಬನ ಕೈಯಲ್ಲಿ ಸಿಕ್ಕಿತು ಅಂದುಕೊಳ್ಳಿ. 'ದಾರಿಯಲ್ಲಿ ಬಿದ್ದಿತ್ತು ಸಾರ್' ಅಂತಾನೆ. ನಿಮ್ಮ ಸಹಿ ಇರುವ ಕಾಗದವೇ ಅವನ ಕಡೆ ಸಾಕ್ಷಿಯಾಗುತ್ತದೆ.

ದೂರಿಗೆ ಒಂದು ಬಿಳಿ ಹಾಳೆ ಸಾಕು. ದಿನ, ಗಂಟೆ, ಯಾವ ಪ್ಲಾಟ್‌ಫಾರ್ಮ್, ಫೋನನ್ನು ಕೊನೆಯ ಸಲ ನೋಡಿದ್ದು ಯಾವಾಗ, ಕಂಪನಿ, ಬಣ್ಣ, ಡಬ್ಬದ ಮೇಲಿರುವ ಐಎಂಇಐ ನಂಬರ್ (ಫೋನಿನ ಗುರುತಿನ ಸಂಖ್ಯೆ), ಇಷ್ಟನ್ನು ಬರೆಯಿರಿ. ಯಾರ ಮೇಲಾದರೂ ಅನುಮಾನ ಇದ್ದರೆ, ಮುಖ ನೋಡಿದ್ದರೆ, ಅದನ್ನೂ ಅವತ್ತೇ ಬರೆಯಬೇಕು.

ನಾನು ನಡೆಸಿದ ಒಂದು ಆಡು ಕಳವಿನ ಕೇಸು ನೆನಪಾಗುತ್ತದೆ. ದೂರಿನಲ್ಲಿದ್ದದ್ದು 'ಯಾರೋ ಕಳ್ಳರು ರಾತ್ರಿ ಹೊಡೆದುಕೊಂಡು ಹೋಗಿದ್ದಾರೆ' ಅಂತ ಮಾತ್ರ. ಆಡಿನ ಒಡತಿ ಸಾಕ್ಷಿ ಕಟಕಟೆಗೆ ಬಂದವರು ಆರೋಪಿಯ ಕಡೆ ಕೈ ತೋರಿಸಿ, 'ಇವನೇ ಸ್ವಾಮಿ, ಲೈಟಿನ ಬೆಳಕಲ್ಲಿ ನಾನೇ ನೋಡಿದೆ' ಅಂದರು. ಎದುರು ವಕೀಲರು ಎದ್ದು ಒಂದೇ ಒಂದು ಪ್ರಶ್ನೆ ಕೇಳಿದರು. 'ಅಮ್ಮಾ, ಇದನ್ನ ದೂರಿನಲ್ಲಿ ಬರೆಸಿದ್ದೀರಾ?' ಆಯಮ್ಮ ಠಾಣೆಯಲ್ಲಿ ಎಲ್ಲವನ್ನೂ ಹೇಳಿದ್ದರಂತೆ. ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಚುಟುಕಾಗಿ ಬರೆದುಕೊಂಡಿದ್ದರು. ಯಾರೂ ಅದನ್ನು ಓದಿ ಹೇಳಲಿಲ್ಲ, ಇವರು ಹೆಬ್ಬೆಟ್ಟು ಒತ್ತಿ ಬಂದಿದ್ದರು. ಆರೋಪಿ ಬಿಡುಗಡೆಯಾದ. ಆಯಮ್ಮ ಕೋರ್ಟಿನ ವರಾಂಡದಲ್ಲಿ ನಿಂತು 'ನಾನು ಸುಳ್ಳು ಹೇಳಿದೆನಾ ಮೇಡಂ?' ಅಂತ ಕೇಳಿದರು.

ಬಾಯಲ್ಲಿ ಹೇಳಿದ ದೂರನ್ನೂ ಪೊಲೀಸರು ಬರೆದುಕೊಂಡು, ನಿಮಗೆ ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು. ತನಿಖೆ, ಬಂಧನ, ಜಾಮೀನು ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನೇ ಹೇಳುತ್ತದೆ. ಎಫ್‌ಐಆರ್ ಪ್ರತಿ ಪುಕ್ಕಟೆ. 'ನಮ್ಮ ಸರಹದ್ದು ಅಲ್ಲ' ಅಂತ ವಾಪಸ್ ಕಳಿಸುವ ಹಾಗಿಲ್ಲ. ಫೋನು, ಇಮೇಲಿನಂಥ ಎಲೆಕ್ಟ್ರಾನಿಕ್ ದಾರಿಯಲ್ಲಿ ಮಾಹಿತಿ ಕೊಟ್ಟರೂ ನಡೆಯುತ್ತದೆ, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯವರು ಒಪ್ಪದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಅದೇ ಸಂಹಿತೆಯ 175(3)ರಡಿ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ.

ಎರಡು ವಿಷಯ ಗಮನದಲ್ಲಿರಲಿ. ಸಂಜ್ಞೇಯ ಅಪರಾಧದ, ಅಂದರೆ ಕೋರ್ಟಿನ ಆದೇಶ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಅಂತ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಸೇರಿಸಿದ್ದಾರೆ. ಕಳವೂ ಅದರೊಳಗೆ ಬರುತ್ತದೆ. ಇದು ನನಗೆ ಸಮಾಧಾನ ತಂದಿಲ್ಲ. ಬಡವರ ದೂರು ಆ 14 ದಿನಗಳಲ್ಲೇ ತಣ್ಣಗಾಗುವ ಭಯ ಇದೆ. ಇನ್ನೊಂದು, ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಅದೇ ಸಂಹಿತೆಯ ಅಪರಾಧಗಳ ಪಟ್ಟಿಯಲ್ಲಿ ಅದನ್ನು ಅಸಂಜ್ಞೇಯ ಎಂದು ಹಾಕಿದ್ದಾರೆ. ಆಗ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ತನಿಖೆ ಇಲ್ಲ. ಅದಕ್ಕೇ ಫೋನಿನ ಬಿಲ್ ಎಸೆಯಬೇಡಿ.

ಪ್ರಶ್ನೆ: ಸಂಜ್ಞೇಯ ಅಂದರೆ ಜಾಮೀನು ಸಿಗದ್ದು, ಅಸಂಜ್ಞೇಯ ಅಂದರೆ ಜಾಮೀನು ಸಿಗುವಂಥದ್ದು ಅಂತ ಬರೆದೆ. ಸರ್ ಸೊನ್ನೆ ಕೊಟ್ಟರು. ಎಲ್ಲಿ ತಪ್ಪಿದೆ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿಬಿಟ್ಟಿದ್ದೀರಿ ತಂಗಿ. ಸಂಜ್ಞೇಯವೋ ಅಸಂಜ್ಞೇಯವೋ ಅನ್ನುವುದು ಪೊಲೀಸರ ಅಧಿಕಾರದ ಪ್ರಶ್ನೆ: ಕೋರ್ಟಿನ ಆದೇಶ ಇಲ್ಲದೆ ತನಿಖೆ, ವಾರಂಟ್ ಇಲ್ಲದೆ ಬಂಧನ ಆಗುತ್ತದಾ? ಜಾಮೀನಿನದು ಆರೋಪಿಯ ಪ್ರಶ್ನೆ: ಜಾಮೀನು ಹಕ್ಕಾ, ಅಥವಾ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾ? ಅಡ್ಡಾದಿಡ್ಡಿ ಗಾಡಿ ಓಡಿಸುವುದು, ನ್ಯಾಯ ಸಂಹಿತೆಯ 281ನೇ ಕಲಂ, ಸಂಜ್ಞೇಯ. ಆದರೆ ಜಾಮೀನು ಹಕ್ಕು. ಒಬ್ಬರಿಗೆ ಗಲ್ಲು ಶಿಕ್ಷೆ ಕೊಡಿಸಬೇಕು ಅಂತ ಸುಳ್ಳು ಸಾಕ್ಷಿ ಹೇಳುವುದು ಇದಕ್ಕೆ ಉಲ್ಟಾ: ಅಸಂಜ್ಞೇಯ, ಆದರೂ ಜಾಮೀನುರಹಿತ. ಜಾಮೀನುರಹಿತ ಅಂದರೆ ಜಾಮೀನೇ ಸಿಗಲ್ಲ ಅಂತಲೂ ಅಲ್ಲ, ಕೋರ್ಟಿನಲ್ಲಿ ಕೇಳಿ ಪಡೆಯಬೇಕು. ನಾಗರಿಕ ಸುರಕ್ಷಾ ಸಂಹಿತೆಯ ಕೊನೆಗಿರುವ ಮೊದಲ ಅನುಸೂಚಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇದೆ. ಗೈಡ್ ಪಕ್ಕಕ್ಕಿಟ್ಟು ಅದನ್ನು ತೆರೆದು ನೋಡಿ.

ಪ್ರಶ್ನೆ: ಹಾಸ್ಟೆಲ್ ಗಲಾಟೆ ವಿಷಯಕ್ಕೆ ಮಗನಿಗೆ ಠಾಣೆಯಿಂದ ವಾಟ್ಸಾಪಿನಲ್ಲಿ '35(3) ನೋಟಿಸ್' ಬಂದಿದೆ. ಅರೆಸ್ಟ್ ಮಾಡ್ತಾರಾ? ಊಟ ಸೇರ್ತಿಲ್ಲ ಅಕ್ಕ.
– ಒಬ್ಬ ತಾಯಿ, ಹಾಸನ

ಉತ್ತರ: ಧೈರ್ಯವಾಗಿ ಊಟ ಮಾಡಿ ತಾಯಿ. ಅದು ಬಂಧನವಲ್ಲ, ವಿಚಾರಣೆಗೆ ಬನ್ನಿ ಅನ್ನುವ ಕರೆ. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಸುಮ್ನೆ ಎಳೆದುಕೊಂಡು ಹೋಗಬಾರದು, ಬಂಧಿಸಲೇಬೇಕೆಂದರೆ ಕಾರಣ ಬರೆದಿಡಬೇಕು ಅಂತ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿದೆ. ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದು ಅಂತ 2025ರಲ್ಲೂ ಹೇಳಿದೆ. ಹಾಗಂತ ಮನೆಯಲ್ಲಿ ಕೂರಬೇಡಿ. ಮಗ ವಕೀಲರ ಜೊತೆ ಹೋಗಲಿ, ಕಾಗದದ ನೋಟಿಸ್ ಕೇಳಿ ಪಡೆಯಲಿ. ಕರೆದಾಗ ಹೋಗುತ್ತಿದ್ದರೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ. ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ.

ಅಲ್ಲಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವ ಬಲವಂತ ಇಲ್ಲ, ಅದು ಸಂವಿಧಾನದ 20(3)ನೇ ವಿಧಿ ಕೊಟ್ಟ ರಕ್ಷಣೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಆರೋಪಿ ಕಸ್ಟಡಿಯಲ್ಲಿದ್ದು ಹೇಳಿದ ಮಾತಿನಿಂದ ಒಂದು ವಸ್ತು ಪತ್ತೆಯಾದರೆ ಆ ಮಾತಿನ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಕೂಡದು. ಒಂದು ವೇಳೆ ಬಂಧಿಸಿದರೂ ಕಾರಣ ತಿಳಿಸಬೇಕು, ಮನೆಗೆ ಸುದ್ದಿ ಕೊಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಪ್ರಶ್ನೆ: ನಮ್ಮೂರಿನ ಕೊಲೆ ಕೇಸಿನ ಆರೋಪಿ ಮೂರು ತಿಂಗಳಿಗೇ ಹೊರಗೆ ಬಂದ. ಇದೆಂಥ ನ್ಯಾಯ?
– ಪಿಯುಸಿ ವಿದ್ಯಾರ್ಥಿ, ಚಿತ್ರದುರ್ಗ ಜಿಲ್ಲೆ

ಉತ್ತರ: ನೀವು ಬರೆದ ಲೆಕ್ಕ ನೋಡಿದರೆ ಚಾರ್ಜ್‌ಶೀಟ್ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿ) ತಡವಾಗಿರಬೇಕು. ಕೊಲೆಯಂಥ ಕೇಸಿಗೆ 90 ದಿನ, ಸಣ್ಣವಕ್ಕೆ 60 ದಿನ. ಅಷ್ಟರೊಳಗೆ ಸಲ್ಲಿಸದಿದ್ದರೆ ಆರೋಪಿ ಕೇಳಿದ ಕೂಡಲೇ ಜಾಮೀನು ಕೊಡಲೇಬೇಕು. ಅದು ಬಿಡುಗಡೆಯಲ್ಲ, ಕೇಸು ನಡೆದೇ ನಡೆಯುತ್ತದೆ. ಸಾಕ್ಷಿಗಳನ್ನು ಹೆದರಿಸಿದರೆ ಜಾಮೀನು ರದ್ದು ಮಾಡಿಸಬಹುದು. ಅಂಥದ್ದು ನಿಮ್ಮ ಕಣ್ಣಿಗೆ ಬಿದ್ದರೆ ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ.

ಪ್ರಶ್ನೆ: ಪರೀಕ್ಷೆಗೆ ಐಪಿಸಿ ಓದಬೇಕಾ, ಬಿಎನ್‌ಎಸ್ ಸಾಕಾ?
– ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರು, ವಿಜಯಪುರ

ಉತ್ತರ: ಸಿಲಬಸ್‌ನಲ್ಲಿ ಯಾವುದಿದೆಯೋ ಅದನ್ನು ಮೊದಲು ಮುಗಿಸಿ. ಆದರೆ ಪಿಎಸ್‌ಐ ಆದ ಮೇಲೆ ಎರಡೂ ಬೇಕು. ಹೊಸ ಕಾನೂನು ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಅದಕ್ಕೆ ಮುಂಚೆ ನಡೆದ ಅಪರಾಧಕ್ಕೆ ಇವತ್ತು ದೂರು ಬಂದರೂ ಹಾಕಬೇಕಾದ್ದು ಐಪಿಸಿ ಕಲಂ.