ಜೆಎಸ್8ಕಾಲ್: ಆಜ್ಞೆ ಕೊಡುವ ಕ್ರಮ

ಪ್ರಶ್ನೆ: ನಾನು ಸೋಮವಾರಪೇಟೆಯವನು. ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿ ಬಂದು ಕೆಲವು ತಿಂಗಳಾಗಿವೆ. ಮಳೆಗಾಲದಲ್ಲಿ ಮೊಬೈಲ್ ನಿಂತುಹೋದರೆ ಮಡಿಕೇರಿಯ ಗೆಳೆಯರಿಗೆ ಬರಹದ ಸಂದೇಶ ಕಳಿಸಬೇಕೆಂದು ಜೆಎಸ್8ಕಾಲ್ ಎಂಬ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡಿದ್ದೇನೆ; ಅದು ರೇಡಿಯೋ ಮೂಲಕ ಬರಹ ಕಳಿಸುತ್ತದೆ. ನನ್ನ ಪ್ರಶ್ನೆಗಳಿಗೆ ಯಾರಿಂದಲೂ ಉತ್ತರ ಬರುತ್ತಿಲ್ಲ. ಆಜ್ಞೆಗಳನ್ನು ಹೇಗೆ ಬರೆಯಬೇಕು?

ಉತ್ತರ: ನೀವು ಸಾಮಾನ್ಯ ವಾಕ್ಯದಲ್ಲಿ ಕೇಳಿದರೆ, ಆಚೆ ಕಡೆ ಯಾರಾದರೂ ಪರದೆ ನೋಡುತ್ತಿದ್ದಾಗ ಮಾತ್ರ ಉತ್ತರ ಬರುತ್ತದೆ. ಮೊದಲು ಅವರ ಕರೆಸಂಕೇತ (ಪರವಾನಗಿಯೊಂದಿಗೆ ಸಿಗುವ ಗುರುತು), ಒಂದು ಜಾಗ ಬಿಟ್ಟು ಆಜ್ಞೆ, ಈ ಕ್ರಮದಲ್ಲಿ ಬರೆದರೆ, ಅಲ್ಲಿ ಸ್ವಯಂ ಉತ್ತರದ ವ್ಯವಸ್ಥೆ ಚಾಲೂ ಇದ್ದ ಪಕ್ಷದಲ್ಲಿ, ತಂತ್ರಾಂಶವೇ ಉತ್ತರ ಕಳಿಸುತ್ತದೆ. 'ಎಸ್ಎನ್ಆರ್?' ಎಂದು ಕೇಳಿದರೆ ನಿಮ್ಮ ಸಂಕೇತ ಅಲ್ಲಿ ಎಷ್ಟು ಡೆಸಿಬೆಲ್‌ನಲ್ಲಿ ಕೇಳಿಸಿತು ಎಂಬುದೂ, 'ಹಿಯರಿಂಗ್?' ಎಂದರೆ ಅವರಿಗೆ ಯಾರ್‍ಯಾರು ಕೇಳಿಸುತ್ತಿದ್ದಾರೆ ಎಂಬುದೂ ತಿಳಿಯುತ್ತದೆ. ಎರಡನೆಯದನ್ನು ನಾನು ಹೆಚ್ಚು ಮುಖ್ಯವೆಂದು ಭಾವಿಸುತ್ತೇನೆ, ಏಕೆಂದರೆ ನೇರ ಸಂಪರ್ಕ ಸಿಗದಿದ್ದಾಗ ಯಾರ ಮೂಲಕ ಹೋಗಬಹುದೆಂಬುದನ್ನು ಅದೇ ತೋರಿಸುತ್ತದೆ.

ನಿಮ್ಮ ಉದ್ದೇಶಕ್ಕೆ ಬೇಕಾದ ಮುಖ್ಯ ಆಜ್ಞೆ 'ಎಂಎಸ್‌ಜಿ'. ಸಂದೇಶ ಪೂರ್ತಿ ಸರಿಯಾಗಿ ತಲುಪಿದರೆ ಅದು ಗೆಳೆಯರ ಅಂಚೆಪೆಟ್ಟಿಗೆಯಲ್ಲಿ ಉಳಿಯುತ್ತದೆ, ನಿಮಗೆ 'ಎಸಿಕೆ' ಎಂಬ ಸ್ವೀಕೃತಿ ಬರುತ್ತದೆ. ಸ್ವೀಕೃತಿ ಬರುವವರೆಗೆ ಸಂದೇಶ ತಲುಪಿದೆ ಎಂದು ದಯವಿಟ್ಟು ಭಾವಿಸಬೇಡಿ. ಅವರ ಬ್ಯಾಟರಿ ಮುಗಿದು ನಿಲ್ದಾಣ ಮುಚ್ಚಿದ್ದರೆ, ಇಬ್ಬರಿಗೂ ಕೇಳಿಸುವ ಮೂರನೆಯವರ ಬಳಿ 'ಎಂಎಸ್‌ಜಿ ಟಿಒ:' ಆಜ್ಞೆಯಿಂದ, ಅದರ ಮುಂದೆ ಗೆಳೆಯರ ಕರೆಸಂಕೇತ ಬರೆದು, ಸಂದೇಶ ಇರಿಸಬಹುದು. ಗೆಳೆಯರು ಮರಳಿ ಬಂದಾಗ ಆ ಮೂರನೆಯವರ ನಿಲ್ದಾಣವನ್ನು 'ಕ್ವೆರಿ ಎಂಎಸ್‌ಜಿಎಸ್' ಎಂದು ಕೇಳಿ, ಉತ್ತರದಲ್ಲಿ ಬರುವ ಸಂಖ್ಯೆ ಹೇಳಿ ಅದನ್ನು ಪಡೆದುಕೊಳ್ಳುತ್ತಾರೆ. ಈ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ನಡುವೆ ಬೆಟ್ಟಸಾಲುಗಳಿರುವುದರಿಂದ ವಿಎಚ್‌ಎಫ್ (ಹೆಚ್ಚಾಗಿ ನೇರವಾಗಿ ಸಾಗುವ, ಬೆಟ್ಟ ತಡೆಯುವ ರೇಡಿಯೋ ಅಲೆಗಳು) ನೆಚ್ಚಿಕೊಳ್ಳಬೇಡಿ. ಹಗಲಿನಲ್ಲಿ 7.078 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ಉದ್ದದ ಡೈಪೋಲ್ ಆಂಟೆನಾ ತಂತಿಯನ್ನು ನೆಲದಿಂದ ಹೆಚ್ಚು ಎತ್ತರವಲ್ಲದಂತೆ ಕಟ್ಟಿದರೆ, ಅಲೆಗಳು ನೇರ ಮೇಲಕ್ಕೆ ಹೋಗಿ ವಾತಾವರಣದ ಮೇಲಿನ ಅಯಾನುಗೋಳ ಎಂಬ ಪದರದಿಂದ ಮರಳಿ ಬೆಟ್ಟದ ಆಚೆಗೂ ಇಳಿಯುತ್ತವೆ. ರಾತ್ರಿ ಹತ್ತಿರದ ಸಂಪರ್ಕ ತಪ್ಪಿದರೆ 3.578ಕ್ಕೆ ಇಳಿಯಿರಿ. ಕಂಪ್ಯೂಟರಿನ ಗಡಿಯಾರವೂ ಸರಿಯಿರಬೇಕು. ಸಾಮಾನ್ಯ ವೇಗದಲ್ಲಿ ಪ್ರತಿ ತುಣುಕು 15 ಸೆಕೆಂಡಿನದಾದ್ದರಿಂದ ಕೆಲವೇ ಸೆಕೆಂಡಿನ ವ್ಯತ್ಯಾಸವಾದರೂ ಏನೂ ಬಿಡಿಸಲಾಗುವುದಿಲ್ಲ. ಇಂಟರ್ನೆಟ್ ಇಲ್ಲದಾಗ ಜಿಪಿಎಸ್‌ನಿಂದ ಸಮಯ ಹೊಂದಿಸಿಕೊಳ್ಳಿ.

ನಿಲ್ದಾಣ ನಕ್ಷೆಯ ಯಾವ ಚೌಕದಲ್ಲಿದೆ ಎಂದು ಕೇಳುವ 'ಗ್ರಿಡ್?' ಆಜ್ಞೆಯ ಬಗ್ಗೆ ಒಂದು ಎಚ್ಚರಿಕೆ. ಸೋಮವಾರಪೇಟೆ, ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಎಲ್ಲವೂ 'ಎಂಕೆ72' ಎಂಬ ಒಂದೇ ಚೌಕದಲ್ಲಿವೆ. ನಾಲ್ಕು ಅಕ್ಷರದ ಆ ಉತ್ತರ ರಕ್ಷಣಾ ಕಾರ್ಯಕ್ಕೆ ಬರುವವರಿಗೆ ಏನೂ ಹೇಳುವುದಿಲ್ಲ. ಆರು ಅಕ್ಷರ ಬಳಸಿದರೂ ಚೌಕ ಸುಮಾರು 9 ಕಿಲೋಮೀಟರ್ ಅಗಲ, 4.6 ಕಿಲೋಮೀಟರ್ ಉದ್ದ ಇರುತ್ತದೆ. 2018ರ ಆಗಸ್ಟ್‌ನಂತೆ ಗುಡ್ಡ ಕುಸಿದ ದಿನ ಹುಡುಕಬೇಕಾದದ್ದು ಒಂದು ಮನೆಯನ್ನು. ಆದ್ದರಿಂದ ಊರು, ತೋಟ, ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯ ಹೆಸರನ್ನು ಸಂದೇಶದಲ್ಲೇ ಬರೆಯಿರಿ, ಮತ್ತು ಆ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಬರೆಯುವುದೆಂದು ಮಳೆ ಶುರುವಾಗುವ ಮೊದಲೇ ನೀವೂ ಮಡಿಕೇರಿಯ ಗೆಳೆಯರೂ ಮಾತಾಡಿಕೊಳ್ಳಿ.